ಮೂಗಣ್ಣನ ಮನೆಯ ಖಾರ

ಕೊನೆಯ ಸಂಜೆ ಕೊನೆಯ ಸಂಜೆಯ ಹಾಗೆ ಇರಲಿಲ್ಲ. ಯಾವುದೋ ಒಂದು ಮಂಗಳವಾರದ ಹಾಗಿತ್ತು.

ವೆಲ್ಡರ್ ಸಂಜೆ ಅಂಗಡಿಯ ಶಟರ್ ಎಳೆದು, ಮೂಲೆ ಹೋಟೆಲಿನಲ್ಲಿ ಆಮ್ಲೆಟ್ಟು ಬ್ರೆಡ್ಡು ಮುಗಿಸಿ, ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಇವಳೇ, ಊಟಕ್ಕೇನು?"

"ಹೋಟೆಲಲ್ಲಿ ತಿಂದ್ಕೊಂಡು ಬಂದ್ರಲ್ಲ, ಅದೆಲ್ಲಿಗೆ ಹೋಯ್ತು?"

"ಅದು ದಾರಿಗೆ. ಇದು ಮನೆಗೆ."

ಅವಳು ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ಅಂಚು ಕಂದುವವರೆಗೆ ಹುರಿದಿಟ್ಟಿದ್ದಳು. ಅವನು ಒಂದು ಹೋಳನ್ನು ಕಿವಿಯ ಹತ್ತಿರ ಹಿಡಿದು ಮುರಿದ. ತಲೆ ಆಡಿಸಿದ.

"ಸದ್ದು ಚೆನ್ನಾಗಿದೆ."

ಅದು ಅವನ ಹೊಗಳಿಕೆ. ರುಚಿ ಚೆನ್ನಾಗಿದೆ ಎನ್ನಲು ಅವನಿಗೆ ಬರುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಕೆಟ್ಟ ಜ್ವರ ಬಂದು, ಹೋಗುವಾಗ ಅವನ ಮೂಗಿನ ವಾಸನೆಯನ್ನು ತೆಗೆದುಕೊಂಡು ಹೋಗಿತ್ತು. ವಾಸನೆ ಹೋದರೆ ಬಾಯಿಗೆ ಏನು ಉಳಿಯುತ್ತದೆ? ಉಪ್ಪು, ಹುಳಿ, ಖಾರದ ಉರಿ, ಹಲ್ಲಿಗೆ ಸಿಕ್ಕುವ ಗರಿಗರಿ. ಅಷ್ಟೇ. ಆಗ ಅವಳು ಅತ್ತಿದ್ದಳು. ಅವನೇ ಸಮಾಧಾನ ಮಾಡಿದ್ದ.

"ನನ್ನಂಥ ಗಂಡ ಯಾರಿಗೆ ಸಿಕ್ತಾನೆ ಹೇಳು. ನಿನ್ನ ಅಡುಗೆ ನೋಡಿ ಮೂಗು ಮುರಿಯೋಣ ಅಂದ್ರೂ ನನಗೆ ಮೂಗೇ ಇಲ್ಲ."

ಅವಳು ಅಳು ನಿಲ್ಲಿಸಿ ಕಾಳುಮೆಣಸು ಕುಟ್ಟಿದಳು. ಮೊದಲು ಒಂದು ಚಿಟಿಕೆ ಹೆಚ್ಚು. ಆಮೇಲೆ ಒಂದು ಚಮಚ. ಮೇಲೆ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಇನ್ನೊಂದು ಕಲ್ಲು ಉಪ್ಪು. ಅವನ ಕಿವಿ ಕೆಂಪಾಗಿ ಕಣ್ಣಲ್ಲಿ ನೀರು ಬಂದಾಗ ಅವನು "ಹಾಂ, ಈಗ ಬಂತು" ಎನ್ನುತ್ತಿದ್ದ. ಆ ಮಾತು ಕೇಳಲಿಕ್ಕೆ ಅವಳು ವರ್ಷ ವರ್ಷ ಖಾರ ಏರಿಸುತ್ತಾ ಹೋದಳು. ತನ್ನ ತಟ್ಟೆಗೂ ಅದನ್ನೇ ಬಡಿಸಿಕೊಂಡಳು. ಇಬ್ಬರಿಗೆ ಎರಡು ಅಡುಗೆ ಯಾರು ಮಾಡುತ್ತಾರೆ. ನಾದಿನಿ ಬಂದಾಗಲೆಲ್ಲ ಬಾಗಿಲಲ್ಲೇ "ಊಟ ಮಾಡ್ಕೊಂಡೇ ಬಂದೆ ಅತ್ತಿಗೆ" ಎನ್ನುತ್ತಿದ್ದಳು. ಇವಳು ಅಣ್ಣನ ಹಾಗಲ್ಲ, ಹಸಿವೆ ಕಡಿಮೆ ಎಂದುಕೊಂಡಿದ್ದಳು ಅವಳು.

ಬೀದಿಯವರಿಗೆ ಅವಳು ವೆಲ್ಡರಕ್ಕ. ಅವನಿಗೆ ಮೂಲೆ ಹೋಟೆಲಿನವರು ಇಟ್ಟ ಹೆಸರು ಮೂಗಣ್ಣ. ಒಂದು ಸಲ ಅಲ್ಲಿ ಹಾಲು ಸೀದು, ಕೂತವರೆಲ್ಲ ಮೂಗು ಮುಚ್ಚಿಕೊಂಡು ಬೀದಿಗೆ ಓಡಿದರೂ ಇವನೊಬ್ಬ ಹೊಗೆಯ ನಡುವೆ ಕೂತು ಬ್ರೆಡ್ಡು ಮೆಲ್ಲುತ್ತಿದ್ದನಂತೆ. ಅಂದಿನಿಂದ ಆ ಹೆಸರು ಅಂಟಿಕೊಂಡಿತು.

ಆ ಮಂಗಳವಾರ ಉಣ್ಣುತ್ತಾ ಅವನು ತನ್ನಷ್ಟಕ್ಕೆ ನಗುತ್ತಿದ್ದ.

"ಏನ್ರೀ ಅದು?"

"ಹೋಟೆಲಿಗೆ ಹೊಸ ಅಡುಗೆಯವನು ಬಂದು ಹದಿನೈದು ದಿನ ಆಯ್ತು."

"ಅದರಲ್ಲಿ ನಗೋದೇನಿದೆ?"

"ಹೇಳಿದ್ರೆ ಮಜಾ ಹೋಗುತ್ತೆ."

ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಳ್ಳಲಾಗದ ಮನುಷ್ಯ. ಗೇಟು ಮಾಡಿಸಲು ಬಂದವರಿಗೆ ತನ್ನ ಮದುವೆಯ ಕಥೆ ಹೇಳಿ ಕಳಿಸುವವನು. ಅಂಥವನು ಬಾಯಿಗೆ ಬೀಗ ಹಾಕಿಕೊಂಡಿದ್ದು ನೋಡಿ ಅವಳಿಗೂ ನಗು ಬಂತು. ಮತ್ತೆ ಕೇಳಲಿಲ್ಲ.

ಮರುದಿನ ಅಂಗಡಿಯಲ್ಲಿ ಒಂದು ಕಿಟಕಿಯ ಸರಳು ಬೆಸೆದು, ಕಪ್ಪು ಕನ್ನಡಕ ತೆಗೆದು, ನೀರು ಕುಡಿಯಲು ಸ್ಟೂಲಿನ ಮೇಲೆ ಕೂತ. ಮತ್ತೆ ಏಳಲಿಲ್ಲ. ಎದೆಬಡಿತ ನಿಂತುಹೋಗಿದೆ ಎಂದರು ಡಾಕ್ಟರು. ಕೈಯಲ್ಲಿದ್ದ ಲೋಟದಿಂದ ನೀರು ಚೆಲ್ಲಿರಲಿಲ್ಲ.

ಮನೆ ತುಂಬ ಜನ ಬಂದರು. ನಾದಿನಿ ಬಂದು ಒಲೆಯ ಮುಂದೆ ನಿಂತಳು. ವೆಲ್ಡರಕ್ಕ ಗೋಡೆಗೆ ಒರಗಿ ಕೂತಿದ್ದಳು. ಬಂದವರು ಹೇಳಿದ್ದಕ್ಕೆಲ್ಲ ಹೂಂ ಎಂದಳು. ಅಳು ಬರಲಿಲ್ಲ.

ಒಂದು ಮಧ್ಯಾಹ್ನ ಹೋಟೆಲಿನ ಅಡುಗೆಯವನು ಬಂದ. ದಪ್ಪ ಮನುಷ್ಯ, ತಲೆಯಲ್ಲಿ ಅರ್ಧ ಕೂದಲಿಲ್ಲ. ಎರಡೂ ಕೈಯಲ್ಲಿ ಸೂಪಿನ ಪಾತ್ರೆ ಹಿಡಿದಿದ್ದ. ಪಾತ್ರೆ ಕೆಳಗಿಟ್ಟು, ಕಣ್ಣು ಒರೆಸಿಕೊಂಡು ಹೇಳಿದ.

"ದೇವರಂಥ ಮನುಷ್ಯ ಅಮ್ಮಾ. ಪಾಪ, ಬಾಯಿ ಇಲ್ಲದ ಜೀವ. ಒಂದು ದಿನ ಒಂದು ಮಾತು ಆಡಿದವರಲ್ಲ."

ಮನೆಯಲ್ಲಿದ್ದವರೆಲ್ಲ ಅವನನ್ನು ನೋಡಿದರು.

"ಯಾರು?" ಎಂದಳು ಅವಳು.

"ನಿಮ್ಮ ಯಜಮಾನ್ರು. ಮೂಗಣ್ಣ."

"ನಮ್ಮಣ್ಣನಾ?" ಎಂದಳು ನಾದಿನಿ, ಸೌಟು ಹಿಡಿದುಕೊಂಡೇ. "ಅವನು ನಿದ್ದೇಲೂ ಸುಮ್ಮನಿದ್ದವನಲ್ಲ."

ಅಡುಗೆಯವನ ಮುಖ ನೋಡಬೇಕಾಗಿತ್ತು. ಹೋಟೆಲಿನ ಗಲ್ಲಾದಲ್ಲಿ ಕೂರುವಾಕೆ, ಎಲ್ಲರೂ ಗಲ್ಲಾದಮ್ಮ ಎಂದು ಕರೆಯುವವಳು, ಅವನು ಕೆಲಸಕ್ಕೆ ಸೇರಿದ ದಿನ ಕಿಟಕಿ ಪಕ್ಕದ ಮೇಜು ತೋರಿಸಿ "ಅವರು ಮೂಗಣ್ಣ, ಆಮ್ಲೆಟ್ಟು ಗರಿಗರಿ ಇರಬೇಕು ಅವರಿಗೆ" ಎಂದಿದ್ದಳು. ಇವನು ಮೂಗ ಎಂದೇ ತಿಳಿದ. ಹೋಗಿ ಕೈಸನ್ನೆಯಲ್ಲಿ ಮೊಟ್ಟೆ ಒಂದೋ ಎರಡೋ ಎಂದು ಕೇಳಿದ. ವೆಲ್ಡರ್ ಒಂದು ಗಳಿಗೆ ನೋಡಿ, ಎರಡು ಬೆರಳು ಎತ್ತಿದ. ಅಲ್ಲಿಗೆ ಶುರುವಾಯಿತು. ಇಡೀ ಹೋಟೆಲು ಸೇರಿಕೊಂಡಿತು. ಅಡುಗೆಯವನು ಒಳಗಿದ್ದಾಗ ವೆಲ್ಡರ್ ಎಲ್ಲರ ತಲೆ ತಿನ್ನುತ್ತಿದ್ದ. ಅವನು ಈಚೆ ಬಂದರೆ ಕಲ್ಲಿನ ಹಾಗೆ ಕೂರುತ್ತಿದ್ದ.

ಅವಳಿಗೆ ನಗು ಬಂತು. ಮೊದಲು ಹೆಗಲು ಅಲುಗಿತು, ಆಮೇಲೆ ಸದ್ದೇ ಬಂತು. ನಿಲ್ಲಿಸಲು ಆಗಲಿಲ್ಲ. ತಲೆ ಕೆಟ್ಟಿತೋ ಏನೋ ಎಂದು ನಾದಿನಿ ಸೌಟು ಬಿಟ್ಟು ಬಂದು ಬೆನ್ನು ನೀವಿದಳು. ನಗು ನಗುತ್ತಲೇ ಅಳುವಾಯಿತು. ಆ ಅಳು ಬರಬೇಕಾಗಿತ್ತು, ಬಂತು.

ಅಡುಗೆಯವನು ಹೊಸಿಲ ಮೇಲೆ ಕುಸಿದಿದ್ದ.

"ಅವರ ಮುಂದೆ ನಾನು ಏನೇನೋ ಹೇಳ್ಕೊಂಡ್ಬಿಟ್ಟಿದ್ದೀನಮ್ಮ. ಬಾಯಿಲ್ಲದವರು, ಯಾರಿಗೆ ಹೇಳ್ತಾರೆ ಅಂತ. ನನ್ನ ಮನೆ ವಿಷಯ, ಹೆಂಡತಿ ಮುನಿಸ್ಕೊಂಡು ತಮ್ಮನ ಮನೇಲಿ ಕೂತಿರೋದು, ಎಲ್ಲ. ನೀವೆಲ್ಲ ಕೇಳಿ ನಕ್ಕಿರ್ತೀರಿ."

"ನನಗೆ ಒಂದು ಮಾತು ಹೇಳಿಲ್ಲ ಅವರು," ಎಂದಳು ಅವಳು. "ಈಗ ನಿನ್ನ ಬಾಯಿಂದಲೇ ಕೇಳ್ತಿರೋದು."

ಅವನು ಪಾತ್ರೆ ಅಲ್ಲೇ ಬಿಟ್ಟು ಎದ್ದುಹೋದ.

ನಾದಿನಿಯೂ ತನ್ನ ಮನೆಗೆ ಹೊರಟಳು. ಅವಳಿಗೂ ಗಂಡ ಮಕ್ಕಳಿದ್ದರು. ವೆಲ್ಡರಕ್ಕ ಒಬ್ಬಳೇ ಒಲೆಯ ಮುಂದೆ ನಿಂತಳು. ಕೈ ತಾನಾಗಿಯೇ ಮೆಣಸು ಕುಟ್ಟಿತು, ಆಲೂಗಡ್ಡೆ ಹೆಚ್ಚಿತು, ನಿಂಬೆ ಹಿಂಡಿತು. ತಟ್ಟೆಗೆ ಹಾಕಿಕೊಂಡು ಕೂತ ಮೇಲೆ ಅವಳಿಗೆ ಹೊಳೆಯಿತು. ಈ ಖಾರ ಯಾರಿಗೆ? ಅವನಿಗೆ. ಹಾಗಾದರೆ ತನಗೇನು ಬೇಕು? ಯೋಚಿಸಿದಳು. ಏನೂ ತೋಚಲಿಲ್ಲ. ತಟ್ಟೆ ಮುಚ್ಚಿಟ್ಟು, ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದಳು. ಮರುದಿನವೂ ಅದೇ. ಒಲೆ ಹಚ್ಚುವುದೇ ಬಿಟ್ಟುಹೋಯಿತು. ರವಿಕೆ ಸಡಿಲವಾಯಿತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಹೀಗೇ ಆದರೆ ತಾನೂ ಅವನ ಹಿಂದೆಯೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಲೆಯ ಮುಂದೆ ನಿಂತರೆ ಕೈಗೆ ಬರುವುದು ಅವನ ಅಡುಗೆ ಒಂದೇ.

ಅಡುಗೆಯವನು ಪಾತ್ರೆ ಕೇಳಲು ಬಂದಿದ್ದು ಆಗ. ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ. ಅವನಿಗಾಗಿ ಒಲೆ ಹಚ್ಚಿದಳು. ಆಲೂಗಡ್ಡೆ ಹುರಿದು ಬಡಿಸಿದಳು. ಅವನು ಒಂದು ತುತ್ತು ಬಾಯಿಗಿಟ್ಟ. ಅಗಿದ. ನಿಲ್ಲಿಸಿದ. ಬೋಳು ತಲೆಯ ಮೇಲೆ ಬೆವರು ಹನಿಯಿತು.

"ನೀರು," ಎಂದ.

ಎರಡು ಲೋಟ ಕುಡಿದು ಅವಳನ್ನು ನೋಡಿದ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಇದು ಅಡುಗೆನೋ, ಶಿಕ್ಷೆನೋ?"

ಮದುವೆಯಾದ ಮೇಲೆ ಅವಳ ಅಡುಗೆಯ ಬಗ್ಗೆ ಯಾರೂ ನಿಜ ಹೇಳಿರಲಿಲ್ಲ. ಅವಳಿಗೆ ಸಿಟ್ಟು ಬರಲಿಲ್ಲ, ಹಗುರವಾಯಿತು.

"ನಾನು ದಿನಾ ಇದನ್ನೇ ತಿಂತಿದ್ದೆ."

"ನಿಮಗಿದು ಇಷ್ಟಾನಾ?"

"ಗೊತ್ತಿಲ್ಲ."

"ಮತ್ತೇನು ಇಷ್ಟ?"

"ಅದೂ ಗೊತ್ತಿಲ್ಲ ಕಣೋ. ಅದಕ್ಕೇ ಒಲೆ ಹಚ್ತಿಲ್ಲ."

ಅವನು ಪಾತ್ರೆ ಕಂಕುಳಲ್ಲಿ ಇಟ್ಟುಕೊಂಡ. "ನಾಳೆ ಹೋಟೆಲಿಗೆ ಬನ್ನಿ. ಹುಡುಕೋಣ. ಎಲ್ಲಿಗೆ ಹೋಗುತ್ತೆ ಅದು."

ಅವಳು ಹೋದಳು. ಕಿಟಕಿ ಪಕ್ಕದ ಮೇಜು ಖಾಲಿ ಇತ್ತು. ಅಲ್ಲಿ ಕೂರದೆ ಅಡುಗೆಮನೆಯ ಬಾಗಿಲಿಗೆ ಎದುರಾದ ಮೇಜು ಹಿಡಿದಳು. ಗಲ್ಲಾದಮ್ಮ ಎದ್ದು ಬಂದಳು.

"ಏನು ಕೊಡ್ಲಿ ಅಕ್ಕ?"

"ಕೇಳಬೇಡ. ಅವನಿಗೆ ಬಿಟ್ಟಿದ್ದೀನಿ."

ಅಡುಗೆಯವನು ದಿನಕ್ಕೊಂದು ಕೊಟ್ಟ. ಬೇಯಿಸಿದ ಮೊಟ್ಟೆ ಕೊಟ್ಟರೆ ರಬ್ಬರಿನ ಹಾಗಿದೆ ಎಂದಳು. ಬೆಣ್ಣೆ ಹಾಕಿದ ಜೋಳ ಕೊಟ್ಟರೆ ಇದು ಕುದುರೆಗೆ ಎಂದಳು. ಸಪ್ಪೆ ಕೋಸಿನ ಪಲ್ಯಕ್ಕೆ "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದಳು.

"ಮೂಗಣ್ಣ ಎಷ್ಟೋ ವಾಸಿ," ಎಂದು ಅವನು ಒಳಗಿನಿಂದಲೇ ಕೂಗಿದ. "ಬಾಯಿ ಮುಚ್ಕೊಂಡು ತಿಂತಿದ್ರು."

ಹೋಟೆಲಿನವರೆಲ್ಲ ನಕ್ಕರು. ಅವಳೂ ನಕ್ಕಳು. ಬೈಯುತ್ತಾ ಬೈಯುತ್ತಾ ತಟ್ಟೆ ಮಾತ್ರ ಅರ್ಧ ಖಾಲಿಯಾಗುತ್ತಿತ್ತು. ಬಿಸಿ ಅನ್ನ ಹೊಟ್ಟೆಗೆ ಬೀಳತೊಡಗಿತು. ಪಕ್ಕದ ಮೇಜಿನವರು ತಮ್ಮ ತಟ್ಟೆಯಿಂದ ಒಂದು ತುಂಡು ಎತ್ತಿ "ಇದು ನೋಡಿ ಅಕ್ಕ" ಎಂದು ಕೊಡುವುದೂ ಶುರುವಾಯಿತು. ಅವಳಿಗೆ ಏನು ಇಷ್ಟ ಎನ್ನುವುದು ಇಡೀ ಹೋಟೆಲಿನ ಚಿಂತೆಯಾಯಿತು.

ಒಂದು ದಿನ ಅವನು ಹಸಿ ಬಟಾಣಿಯ ಸೂಪು ತಂದಿಟ್ಟ. ಮೇಲೆ ಪುದೀನ ಸೊಪ್ಪನ್ನು ಕೈಯಲ್ಲಿ ಹರಿದು ಉದುರಿಸಿದ್ದ. ಬಟ್ಟಲು ಮೇಜು ಮುಟ್ಟುವ ಮೊದಲೇ ಹಬೆಯ ಜೊತೆ ಆ ಪರಿಮಳ ಅವಳ ಮುಖಕ್ಕೆ ಬಂತು. ಅವಳು ಚಮಚ ಎತ್ತಲಿಲ್ಲ. ಸುಮ್ಮನೆ ಮೂಸಿದಳು. ತವರಿನಲ್ಲಿದ್ದಾಗ ನೀರಿಗೂ ಪುದೀನ ಹಾಕಿಕೊಂಡು ಕುಡಿಯುತ್ತಿದ್ದ ಹುಡುಗಿ ಅವಳು. ಗಂಡನ ಮೂಗಿನ ವಾಸನೆ ಹೋದ ಮೇಲೆ ಸೊಪ್ಪಿನ ಕಟ್ಟು ಮನೆಗೆ ತಂದಿರಲಿಲ್ಲ. ಅವನಿಗಿಲ್ಲದ್ದು ತನಗೆ ಮಾತ್ರ ಯಾಕೆ ಎಂದು ಬಿಟ್ಟಿದ್ದಳು. ಬಿಟ್ಟಿದ್ದೂ ಮರೆತುಹೋಗಿತ್ತು.

ಒಂದು ಚಮಚ ಕುಡಿದಳು.

"ಚೆನ್ನಾಗಿದೆ," ಎಂದಳು. ಮಾತು ಅವಳನ್ನು ಕೇಳದೆಯೇ ಬಂದಿತ್ತು.

ಹೇಳಿದ ಮೇಲೆ ಚಮಚ ಕೆಳಗಿಟ್ಟಳು. ಗಂಡ ಹೋದ ಮೇಲೆ ಚೆನ್ನಾಗಿದೆ ಎನಿಸಿದ ಮೊದಲ ವಸ್ತು ಅದು. ಅವನು ಬದುಕಿದ್ದರೂ ಇದರಲ್ಲಿ ಅವನಿಗೆ ಪಾಲು ಇರುತ್ತಿರಲಿಲ್ಲ. ಇದನ್ನು ಅವನಿಲ್ಲದೆಯೇ ತಿನ್ನಬೇಕು. ತಿನ್ನುವುದೋ ಬಿಡುವುದೋ, ಯಾರೂ ಅವಳ ಪರವಾಗಿ ಹೇಳುವಂತಿರಲಿಲ್ಲ.

ಅಡುಗೆಯವನು ಬಾಗಿಲಲ್ಲಿ ನಿಂತಿದ್ದ. ಸದಾ ಬಡಬಡಿಸುವವನು ಈಗ ನಿಜವಾಗಿ ಮೂಗನಾಗಿದ್ದ. ಕೊನೆಗೆ ಮೆಲ್ಲಗೆ ಕೇಳಿದ.

"ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ," ಎಂದು ಅವಳು ಬಟ್ಟಲು ಎತ್ತಿ ಕೊನೆಯ ಹನಿಯವರೆಗೂ ಕುಡಿದಳು. "ಇನ್ನೊಂದು ಬಟ್ಟಲು ಹಾಕು. ಸೊಪ್ಪು ಜಾಸ್ತಿ."

ಗಲ್ಲಾದಮ್ಮ ಕೂತಲ್ಲಿಂದಲೇ "ಸಿಕ್ತು ಕಣ್ರೋ" ಎಂದಳು.

ಅಂದು ಸಂಜೆ ಮನೆಯ ಒಲೆ ಹತ್ತಿತು. ಅವಳು ಮೊದಲಿನಿಂದ ಕಲಿಯಬೇಕಾಯಿತು. ಮೆಣಸಿನ ಡಬ್ಬಿಗೆ ಕೈ ಹೋದಾಗಲೆಲ್ಲ ಎಳೆದುಕೊಂಡಳು. ಒಂದು ಸಲ ತೀರಾ ಸಪ್ಪೆ, ಒಂದು ಸಲ ಹಳೆಯ ಚಾಳಿ. ಹದ ಸಿಕ್ಕಿದ ಮೇಲೆ ನಾದಿನಿಯನ್ನು ಕರೆದಳು. ನಾದಿನಿ ಬಾಗಿಲಲ್ಲೇ "ಊಟ ಮಾಡ್ಕೊಂಡೇ ಬಂದೆ ಅತ್ತಿಗೆ" ಎಂದಳು. ಆದರೂ ತಟ್ಟೆಯ ಮುಂದೆ ಕೂರಿಸಿದ ಮೇಲೆ ಒಂದು ತುತ್ತು ತಿಂದು, ಅತ್ತಿಗೆಯ ಮುಖ ನೋಡಿ, ತಾನೇ ಸೌಟು ಹಿಡಿದು ಮತ್ತೆ ಬಡಿಸಿಕೊಂಡಳು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ನನಗೆ?"

"ಏನಂತ ಹೇಳೋದು ಅತ್ತಿಗೆ? ಬಾಯಿ ಉರೀತಿತ್ತು. ಅಣ್ಣ ನೋಡಿದ್ರೆ ಹಬ್ಬದೂಟ ಉಣ್ಣೋ ಹಾಗೆ ಉಣ್ತಿದ್ದ. ಆ ಮುಖ ನೋಡಿದ ಮೇಲೆ ಯಾರಿಗೆ ಬಾಯಿ ಬರುತ್ತೆ."

ವೆಲ್ಡರಕ್ಕ ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಹೋಟೆಲಿನಲ್ಲಿ ಸೊಪ್ಪು ಬಿಡಿಸಿ ಎಸೆದ ಪುದೀನ ಕಡ್ಡಿಗಳನ್ನು ಅವಳು ಒಂದು ದಿನ ಮನೆಗೆ ತಂದು, ಖಾಲಿ ಡಬ್ಬಗಳಲ್ಲಿ ಮಣ್ಣು ತುಂಬಿ ಚುಚ್ಚಿದಳು. ಹಿತ್ತಲ ಗೋಡೆಯ ಮೇಲೆ ಸಾಲಾಗಿ ಇಟ್ಟಳು. ಹಿಡಿದವು. ಈಗ ಆ ಹೋಟೆಲಿನ ಪುದೀನ ಅವಳದೇ. ದಿನಾ ಬೆಳಿಗ್ಗೆ ಎದ್ದು ಮೊದಲು ಅದಕ್ಕೆ ನೀರು ಹಾಕುತ್ತಾಳೆ. ಹಳದಿ ಎಲೆ ಕಿತ್ತು ಎಸೆಯುತ್ತಾಳೆ. ಹುಳ ಬಿದ್ದಿದೆಯೇ ಎಂದು ಎಲೆಯ ಅಡಿ ತಿರುಗಿಸಿ ನೋಡುತ್ತಾಳೆ. ಮೇಲಿನ ಎಳೆ ಕುಡಿಗಳನ್ನು ಉಗುರಿನಿಂದ ಚಿವುಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಂದು ಎಲೆ ಬಾಯಿಗೆ ಹಾಕಿಕೊಂಡು ಮೂಲೆ ಹೋಟೆಲಿನ ಹಿಂಬಾಗಿಲ ಕಡೆ ಹೊರಡುತ್ತಾಳೆ.