ಅಯಸ್ಕಾಂತದ ಕೋಣೆಯಲ್ಲಿ ಲುಂಬಿನಿ

ಹೈದರಾಬಾದಿನ ಪ್ರಯೋಗಾಲಯಕ್ಕೆ ಆಯ್ಕೆಯಾದ ಸುದ್ದಿ ಹೇಳಿದ ಸಂಜೆ, ಸೇಡಂ ಹತ್ತಿರದ ಆದಿತ್ಯನಗರದ ಮನೆಯಲ್ಲಿ ಗಂಡ ಸುರೇಶಕುಮಾರ ಲುಂಬಿನಿಯ ಮೇಲೆ ಮೊದಲ ಸಲ ಕೈಮಾಡಿದ. ಅವನು ಅಲ್ಲಿನ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ಎರಡನೆಯ ಸಲ, ಅವಳು ಹೊರಡುವ ಹಿಂದಿನ ರಾತ್ರಿ, ಅವಳ ಬೆರಳುಗಳನ್ನು ಬಾಗಿಲ ಸಂದಿಗಿಟ್ಟು ಬಾಗಿಲನ್ನು ಒದ್ದ. ಮರುದಿನ ಊದಿದ ಕೈಯಲ್ಲೇ ಚೀಲ ಹಿಡಿದು ಅವಳು ಸೇಡಂನಲ್ಲಿ ಹೈದರಾಬಾದಿನ ರೈಲು ಹತ್ತಿದಳು.

ಗುಂಡಗುರ್ತಿಯ ಕೂಲಿಕಾರ ನಾಮದೇವನ ಮಗಳು ಅವಳು. ಅವ್ವ ದ್ರೌಪದಿ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದು, ಕ್ಷಯಕ್ಕೆ ರಕ್ತ ಕಾರಿ ಸತ್ತಿದ್ದಳು. ಆ ರೋಗಾಣುವಿನ ಒಂದು ಪ್ರೋಟೀನೇ ಲುಂಬಿನಿಯ ಸಂಶೋಧನೆ. ಆಳೆತ್ತರದ ಅಯಸ್ಕಾಂತದೊಳಗೆ ಪ್ರೋಟೀನಿನ ದ್ರಾವಣ ಇಳಿಸಿ ರೇಡಿಯೊ ಅಲೆ ಹಾಯಿಸಿದರೆ, ಅದರ ಪರಮಾಣುಗಳು ಒಂದೊಂದೂ ತನ್ನದೇ ದನಿಯಲ್ಲಿ ಓಗೊಡುತ್ತವೆ. ಆ ದನಿಗಳಿಂದ ಪ್ರೋಟೀನಿನ ಆಕಾರ ತಿಳಿಯುತ್ತದೆ. ಸಣ್ಣ ಅಣುವಾದರೆ ಸುಲಭ. ಅವಳದು ದೈತ್ಯ ಅಣು, ದ್ರಾವಣದಲ್ಲಿ ಮೆಲ್ಲಗೆ ಹೊರಳುತ್ತದೆ, ದನಿಗಳು ಒಂದರ ಮೇಲೊಂದು ಬಿದ್ದು ಮಸುಕಾಗುತ್ತವೆ. ಆ ಮಸುಕು ಕಡಿಮೆಯಾಗಲೆಂದೇ, ಭಾರವಾದ ಹೈಡ್ರೋಜನ್ ಇರುವ ನೀರಾದ ಭಾರಜಲದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಪ್ರೋಟೀನು ತೆಗೆದಳು. ಎಷ್ಟೋ ಸಲ ಹಾಳಾಗಿ, ಕೊನೆಗೆ ಒಂದು ದಿನ ಪರದೆಯ ಮೇಲೆ ಚುಕ್ಕೆಗಳು ಬಿಡಿಬಿಡಿಯಾಗಿ ಮೂಡತೊಡಗಿದ್ದವು.

ಆ ಮಧ್ಯಾಹ್ನವೇ ಸುರೇಶಕುಮಾರ ಪ್ರಯೋಗಾಲಯಕ್ಕೆ ಬಂದ. ಹೆಂಡತಿಗೆ ಬುತ್ತಿ ತಂದಿದ್ದೇನೆಂದು ಕಾವಲುಗಾರನಿಗೆ ಹೇಳಿ ನುಗ್ಗಿದವನ ಚೀಲದಲ್ಲಿದ್ದದ್ದು ನಟ್ಟು ಬಿಗಿಯುವ ಮೊಳದುದ್ದದ ಕಬ್ಬಿಣದ ಪಾನಾ.

"ಯಾರ ಸಂಗಟ ಇರ್ಲಿಕತ್ತಿ ಇಲ್ಲಿ? ತಲಿ ಒಡಿತೀನಿ ಇವತ್ತ!"

"ಅದನ್ನ ಹೊರಗ ಇಡ್ರಿ! ಮಿಷನ್ ಎಳೀತದ, ಸಾಯ್ತೀರಿ!"

ಅವನು ನಕ್ಕ. ಮೊದಲ ಏಟಿಗೆ ಅವಳ ಭುಜದ ಎಲುಬು ಲಟಕ್ಕೆಂದಿತು. ಎರಡನೆಯದಕ್ಕೆ ಪಾನಾ ಎತ್ತಿ ಅಯಸ್ಕಾಂತದ ಪಕ್ಕಕ್ಕೆ ಬಂದದ್ದೇ ತಡ, ಅದು ಅವನ ಕೈಸಮೇತ ಹಾರಿ ಲೋಹದ ಮೈಗೆ ಅಪ್ಪಳಿಸಿತು. ನಡುವೆ ಸಿಕ್ಕ ಬೆರಳುಗಳು ಜಜ್ಜಿಹೋದವು. ಅವನ ಚೀತ್ಕಾರದ ಜೊತೆಗೇ, ಅಯಸ್ಕಾಂತವನ್ನು ತಣ್ಣಗಿಟ್ಟಿದ್ದ ಹೀಲಿಯಂ ಕುದಿದು ಭೋರ್ಗರೆಯುತ್ತ ಹೊರನುಗ್ಗಿತು. ತಂಪು ಹೋಗಿ ಅಯಸ್ಕಾಂತದ ಎಳೆತ ಸತ್ತು ಪಾನಾ ಕಳಚಿ ಬಿತ್ತು. ಅವನೂ ಬಿದ್ದ. ಬಿಳಿ ಮೋಡ ಕೋಣೆ ತುಂಬಿತು.

ಇನ್ನು ಉಸಿರಾಡಲು ಗಾಳಿ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಾಗಿಲವರೆಗೆ ತೆವಳಿದಳು. ಸಾಯಲಿ ಅನಿಸಿತು, ಖಂಡಿತ ಅನಿಸಿತು. ಆಮೇಲೆ ಉಸಿರು ಬಿಗಿಹಿಡಿದು ವಾಪಸು ಹೋಗಿ, ಒಂದೇ ಕೈಯಲ್ಲಿ ಅವನ ಕೊರಳಪಟ್ಟಿ ಹಿಡಿದು ದರದರ ಎಳೆತಂದಳು.

ಹೈದರಾಬಾದಿನ ಕೋರ್ಟಿನ ಮುಂದೆ ಅತ್ತೆ ಮಾಳಮ್ಮ ಅಡ್ಡಗಟ್ಟಿದಳು. "ನನ್ನ ಮಗನ ಬೆರಳ ಹೋದ್ವು. ಜೀವ ಉಳಿಸಿದಾಕಿ ನೀನೇ, ಈಗ ಕೇಸ್ ಯಾಕವ್ವ?"

"ಉಳಿಸೀನಿ ಖರೆ, ಅತ್ತಿ. ಮಾಫ್ ಮಾಡೀನಂತ ಯಾರ ಹೇಳಿದ್ರು? ಹಾದಿ ಬಿಡ್ರಿ."

ಒಳಗೆ ಹೋಗಿ ಸಾಕ್ಷಿ ಹೇಳಿದಳು. ಅವನಿಗೆ ಶಿಕ್ಷೆಯಾಯಿತು.

ಅಯಸ್ಕಾಂತ ಮತ್ತೆ ಜೀವ ಪಡೆಯಲು ತಿಂಗಳುಗಳೇ ಹಿಡಿದವು. ಭುಜ ಪೂರ್ತಿ ಏಳದಿದ್ದರೂ ಲುಂಬಿನಿ ಬ್ಯಾಕ್ಟೀರಿಯಾ ಬೆಳೆಸುವುದರಿಂದಲೇ ಮತ್ತೆ ಶುರುಮಾಡಿದಳು. ಮರುವರ್ಷ ಪ್ರೋಟೀನಿನ ಆಕಾರ ಸಿಕ್ಕಿತು. ಗುಂಡಗುರ್ತಿಗೆ ಬಂದು ಹೇಳಿದಾಗ ನಾಮದೇವ ಕೇಳಿದ, "ಹಂಗಾರ ಔಷಧ ಸಿಕ್ತೇನವ್ವ?"

"ಇಲ್ಲಪ್ಪಾ, ಅದಿನ್ನಾ ಭಾಳ ದೂರ ಅದ. ಅವ್ವನ್ನ ಕೊಂದಿದ್ದು ಹ್ಯಾಂಗದ ಅಂತ ಈಗ ಕಂಡದ, ಅಷ್ಟ."