ಗರಗಸದ ಬಾಯಿಗೆ ಭಾವಮೈದ

ಮೊನ್ನೆ ಹುಣಸೂರಿನಲ್ಲಿ ಅಕ್ಕನ ಮನೆಗೆ ಹೋದಾಗ, ಅಡುಗೆಮನೆಯ ಕಿಟಕಿ ಗಾಳಿಗೆ ಬಡಿಯದಂತೆ ಮೊಳದುದ್ದದ ಒಂದು ಕೋಲನ್ನು ಆನಿಸಿಟ್ಟಿದ್ದರು. ಅದರ ತುದಿಯಲ್ಲಿ ಹಕ್ಕಿ ಬಾಯಿ ತೆರೆದ ಹಾಗೆ ಒಂದು ಕಚ್ಚು, ಸುತ್ತಲೂ ಏನೋ ಕಡಿದು ಹಾಕಿದ ಗುರುತು. ನೀವು ನೋಡಿದರೆ ಒಲೆಗೆ ಹಾಕುವ ಸೌದೆ ಎನ್ನುತ್ತೀರಿ. ನನಗೆ ಮಾತ್ರ ಅದನ್ನು ಕಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆ ಮನೆಯಲ್ಲಿ ಅದನ್ನೂ ನನ್ನನ್ನೂ ಕರೆಯುವುದು ಒಂದೇ ಹೆಸರಿನಿಂದ.

ಐವತ್ತರ ದಶಕದ ಮಾತು. ಹನಗೋಡಿನ ನಮ್ಮ ಮನೆಗೆ ಅಕ್ಕನನ್ನು ನೋಡಲು ಹುಣಸೂರಿನಿಂದ ಒಬ್ಬ ಗಂಡು ಬಂದಿದ್ದ. ಆಗಿನ್ನೂ ಭಾವ ಆಗಿರಲಿಲ್ಲ, ಅದಕ್ಕೇ ಏಕವಚನ, ಮುಂದೆ ಸರಿಪಡಿಸುತ್ತೇನೆ. ನಮ್ಮಂತೆಯೇ ಬೇಸಾಯದ ಮನೆತನ. ಆದರೆ ಈತ ಹೊಲವನ್ನು ತಮ್ಮಂದಿರಿಗೆ ಬಿಟ್ಟು ಪೇಟೆಯಲ್ಲಿ ಗರಗಸದ ಮಿಷನ್ನು ಹಾಕಿಕೊಂಡಿದ್ದ. ಬಂದವನು ಎರಡೂ ಕೈಗಳನ್ನು ವಲ್ಲಿಯೊಳಗೆ ಹುದುಗಿಸಿಕೊಂಡೇ ಕೂತ. ಉಪ್ಪಿಟ್ಟು ಕೊಟ್ಟರೆ, ಈಗ ತಾನೇ ಊಟವಾಯಿತೆಂದ. ಅಮ್ಮನ ಉಪ್ಪಿಟ್ಟನ್ನು ಬೇಡವೆಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಪ್ಪನಿಗೆ ಅನುಮಾನ ಹುಟ್ಟಿತು. "ಮಿಷನ್ನಲ್ಲಿ ಮರ ಕುಯ್ಯೋರ್ಗೆ ಕೈ ಬೆಳ್ಳು ಉಳಿಯಾಕಿಲ್ಲ ಕಣ್ಲಾ. ಇವನ್ಗೆ ಎಷ್ಟವೋ ನೋಡ್ಕಂಡ್ ಬರಾನ ನಡಿ. ಒಂದ್ ಕಮ್ಮಿ ಇದ್ರೂ ಈ ಸಂಬಂಧ ಬ್ಯಾಡ" ಎಂದು ನನ್ನನ್ನೂ ಹೊರಡಿಸಿದರು.

ಹೊರಡುವಾಗ ಅಕ್ಕ ನನ್ನನ್ನು ಕೊಟ್ಟಿಗೆಯ ಹತ್ತಿರ ಅಡ್ಡಗಟ್ಟಿದಳು. ಅವಳು ಬಾಗಿಲ ಸಂದಿಯಿಂದ ಗಂಡಿನ ಮುಖವನ್ನು ಕಣ್ತುಂಬ ನೋಡಿಯಾಗಿತ್ತು. ಕೈಯ ಚಿಂತೆ ಅವಳಿಗಿರಲಿಲ್ಲ. "ಸರ್ಯಾಗ್ ಎಣುಸ್ಲಾ. ಒಂದೋ ಎರ್ಡೋ ಕಮ್ಮಿ ಇದ್ರೆ ಅಪ್ಪಂಗೆ ಏಳ್ಬ್ಯಾಡ. ನಾನಿಂಗಂದೆ ಅಂತ ಯಾರ್ಗೂ ಏಳ್ಬ್ಯಾಡ" ಎಂದು ಆಣೆ ಹಾಕಿಸಿಕೊಂಡಳು. ನಾನು ದಾರಿಯುದ್ದಕ್ಕೂ ಒಂದು ಒಳ್ಳೆಯ ಸುಳ್ಳನ್ನು ಹೊಸೆಯುತ್ತಾ ಬಸ್ಸಿನಲ್ಲಿ ಕೂತೆ.

ಹೇಳದೆ ಕೇಳದೆ ಹುಣಸೂರಿಗೆ ಹೋಗಿ, ಮಿಷನ್ನಿನ ಶೆಡ್ಡಿನ ತಗಡಿನ ಗೋಡೆಗೆ ಕಿವಿ ಕೊಟ್ಟು ನಿಂತೆವು. ಒಳಗೆ ಎಣ್ಣೆ ಎಂಜಿನ್ನು ಬಡಿದುಕೊಳ್ಳುತ್ತಿತ್ತು. ಆ ಸದ್ದನ್ನು ಮೀರಿಸಿ ನಮ್ಮ ಗಂಡು ಆಳಿಗೆ ಕೂಗುತ್ತಿದ್ದ: "ಮಾವ ಅಲ್ಲಾಡ್ತಾವ್ನೆ! ಸುತ್ಗೇಲಿ ಒಂದ್ ಕೊಟ್ಟು ಬಿಗಿ ಮಾಡ್ಲಾ!"

ಅಪ್ಪ ನನ್ನ ಮುಖ ನೋಡಿದರು.

"ಬಾವಮೈದನ್ನ ತಳ್ಳು ಗರಗಸದ ಬಾಯ್ಗೆ! ಅವನ್ ಮೂತಿ ಓದ್ರೆ ಓಗ್ಲಿ, ಇನ್ನೊಬ್ಬನ್ನ ಮಾಡ್ಕಳಾನ!"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಬಸ್ಸು ಎಷ್ಟೊತ್ಗಿದ್ದದ್ಲಾ?" ಎಂದರು. ಅಕ್ಕನ ಮದುವೆ ಅಲ್ಲಿಗೆ ಮುಗಿದೇ ಹೋಯಿತೆಂದುಕೊಂಡೆ. ಆದರೂ ನನ್ನ ಮೂತಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

ಅಷ್ಟರಲ್ಲಿ ಹಲಗೆ ತೆಗೆದುಕೊಳ್ಳಲು ಹೊರಬಂದ ಗಂಡು ನಮ್ಮನ್ನು ಕಂಡು ನಮಗಿಂತ ಹೆಚ್ಚು ಬೆಚ್ಚಿದ. ನಾವು ಏನು ಕೇಳಿ ಬೆದರಿದೆವೆಂದು ತಿಳಿದ ಮೇಲೆ, ನಾಚಿಕೆಯಿಂದ ಕುಗ್ಗಿಹೋಗಿ ನಮ್ಮನ್ನು ಒಳಗೆ ಕರೆದ. ಒಂದು ಮೇಜು, ಅದರ ನಡುವಿನ ಸೀಳಿನಿಂದ ಮೇಲೆದ್ದು ಗಿರ್ರೆಂದು ತಿರುಗುವ ಹಲ್ಲಿನ ಚಕ್ರ. ಅಪ್ಪ ಅದರ ಎದುರಿಗೇ ಹೋಗಿ ನಿಂತರು.

"ನೇರಕ್ಕೆ ನಿಂತ್ಕಬ್ಯಾಡಿ ಯಜಮಾನ್ರೇ, ಮರ ಇಂದಕ್ಕೆ ಒದೀತದೆ. ಪಕ್ಕಕ್ಕೆ ಬನ್ನಿ."

ಚಕ್ರದ ಪಕ್ಕದಲ್ಲಿ ಮೇಜಿಗೆ ಬಿಗಿದಿದ್ದ ನೆಟ್ಟನೆಯ ಹಲಗೆಯೇ ಮಾವ. ಕುಯ್ಯುವ ಮರವನ್ನು ಅದಕ್ಕೆ ಒತ್ತಿ ಮುಂದೆ ನೂಕಬೇಕು. "ಇದ್ಯಾಕಪ್ಪಾ ಮಾವ?" ಎಂದು ಅಪ್ಪ ಗಡುಸಾಗಿ ಕೇಳಿದರು.

"ಮಾವ ನೆಟ್ಟಗೆ ನಿಂತ್ರೇನೆ ಮಿಕ್ಕಿದ್ದೆಲ್ಲಾ ನೆಟ್ಟಗೆ ಓಗೋದು. ಕೂದ್ಲಷ್ಟು ಓರೆ ಆದ್ರೂ ಮರ ಸಿಕ್ಕಾಕ್ಕಂಡು ನಮ್ಮ ಮೇಲೇ ಬತ್ತದೆ."

ಅಪ್ಪನ ಮೀಸೆ ಸ್ವಲ್ಪ ಸಡಿಲವಾಯಿತು. ಆಮೇಲೆ ಅವನು ಹಲಗೆಯೊಂದನ್ನು ನೂಕುತ್ತಾ ಹೋಗಿ, ಕೈ ಚಕ್ರಕ್ಕೆ ಇನ್ನೂ ದೂರವಿರುವಾಗಲೇ ಹಿಂದೆಗೆದು, ಕಚ್ಚಿನ ಕೋಲಿನಿಂದ ಹಲಗೆಯ ಬಾಲವನ್ನು ಹಿಡಿದು ದಾಟಿಸಿದ. ಗರಗಸ ಕರ್ರೆಂದು ಕೋಲಿನ ಮೂತಿಯನ್ನು ಒಂದಿಷ್ಟು ತಿಂದಿತು. "ಕೈ ಓಗ್ಬಾರ್ದ ಜಾಗಕ್ಕೆಲ್ಲಾ ಇವನ್ನ ಕಳುಸ್ಬೋದು. ಬ್ಯಾಡ ಅನ್ನಾಕಿಲ್ಲ. ಅದ್ಕೇ ಬಾವಮೈದ" ಎಂದ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರಲ್ಲಿ ಅಷ್ಟು ನಗುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ.

"ಎಲ್ಲಿ, ಈಗ ಕೈ ತೋರ್ಸಪ್ಪಾ."

ಹತ್ತೂ ಬೆರಳು ನೆಟ್ಟಗಿದ್ದವು, ಆದರೆ ಮರಕ್ಕೆ ಬಳಿಯುವ ಪಾಲಿಶ್ ಹತ್ತಿ ಕರ‍್ರಗಾಗಿದ್ದವು. ಉಪ್ಪಿಟ್ಟು ತಿನ್ನಲು ನಾಚಿದ್ದು ಅದಕ್ಕೇ. ಅಪ್ಪ ಎತ್ತಿನ ಹಲ್ಲು ನೋಡುವಷ್ಟು ನಿಧಾನವಾಗಿ ಒಂದೊಂದನ್ನೂ ಮುಟ್ಟಿ ನೋಡಿ ಸಂಬಂಧಕ್ಕೆ ಒಪ್ಪಿದರು. ನಾನು ಹೊಸೆದಿದ್ದ ಸುಳ್ಳು ದಂಡವಾಯಿತು.

ಮದುವೆಯಾದ ಮೇಲೆ ಭಾವನವರು (ನೋಡಿ, ಸರಿಪಡಿಸಿದೆ) ಆ ಹೆಸರಿಗೆ ಒಪ್ಪುವಂತೆಯೇ ನನ್ನನ್ನು ನಡೆಸಿಕೊಂಡರು. ಅಪ್ಪ ಸಿಟ್ಟಾಗಿದ್ದರೆ ಸಮಾಧಾನಕ್ಕೆ ನಾನು, ಅಕ್ಕ ಮುನಿಸಿಕೊಂಡರೆ ಸಂಧಾನಕ್ಕೆ ನಾನು. ನನ್ನ ಮೂತಿಯನ್ನೂ ಒಮ್ಮೆ ನೋಡಿ, ಎಷ್ಟು ಸವೆದಿದೆ!

ಮೊನ್ನೆ ಆ ಕೋಲನ್ನು ಕಿಟಕಿಯಿಂದ ಕಿತ್ತುಕೊಂಡು ಜಗಲಿಗೆ ಬಂದೆ. ಮಿಷನ್ನನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಭಾವ ಬಿಸಿಲು ಕಾಯಿಸುತ್ತಾ ಕೂತಿದ್ದರು. ಏನನ್ನಿಸಿತೋ, ಇಷ್ಟು ವರ್ಷ ಕಾಪಾಡಿದ್ದ ಅಕ್ಕನ ಆಣೆಯನ್ನು ಮುರಿದೆ. ಕೊಟ್ಟಿಗೆಯ ಹತ್ತಿರ ಅವಳು ಹೇಳಿದ್ದನ್ನು ಹೇಳಿಬಿಟ್ಟೆ. ಒಳಗಿನಿಂದ "ಥೂ, ಬಾಯ್ ಮುಚ್ಲಾ!" ಎಂದು ಅಕ್ಕನ ದನಿ ಬಂತು.

ಭಾವ ಸುಕ್ಕುಗಟ್ಟಿದ ಎರಡೂ ಕೈಗಳನ್ನು ಬಿಸಿಲಿಗೆ ಹರಡಿ ಒಂದೊಂದೇ ಬೆರಳನ್ನು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ಎರ್ಡು ಓಗಿದ್ರೂ ನಡೀತಿತ್ತಾ? ಅಂಗಾರೆ ಇಷ್ಟ್ ವರ್ಸ ಸುಮ್ಸುಮ್ನೆ ಉಸಾರಾಗಿದ್ನಲ್ಲೇ!"

ಕೋಲಿಲ್ಲದ ಕಿಟಕಿ ಗಾಳಿಗೆ ಪಟಪಟ ಬಡಿಯಿತು. "ಆ ಬಾವಮೈದನ್ನ ಈ ಕಡೆ ಕಳ್ಸಿ" ಎಂದಳು ಅಕ್ಕ. ಯಾರನ್ನು ಎಂದು ಕೇಳಲು ಹೋಗದೆ, ನಾನೂ ಕೋಲೂ ಒಳಗೆ ಹೋದೆವು.