ಈಜುಕೊಳದ ಚೆಲುವೆ, ಗೂಗಲ್ ದಂಡೆಯಲ್ಲಿ

ಗೂಗಲ್ ಎಂಬ ಊರಿನ ಕೃಷ್ಣೆಯ ದಂಡೆ, ಸುಡುವ ಮಧ್ಯಾಹ್ನ. ಕುರಿ ಕಾಯುವ ಹನುಮವ್ವನನ್ನು ಫೋಟೊಗೆಂದು ಬಂಡೆಯ ಮೇಲೆ ನಿಲ್ಲಿಸಿದ್ದೆ. ಹೇಗೆ ನಿಲ್ಲಬೇಕೆಂದು ತೋರಿಸಲು ಹತ್ತಿರ ಹೋಗಿ, ಮೊಬೈಲಿನಲ್ಲಿದ್ದ ನನ್ನ ಮೆಚ್ಚಿನ ಚಿತ್ರವನ್ನು ಆಕೆಯ ಮುಂದೆ ಹಿಡಿದೆ. ಐವತ್ತರ ದಶಕದ ವಿದೇಶಿ ಪತ್ರಿಕೆಯದು: ಈಜುಕೊಳದಂಚಿನಲ್ಲಿ ಅಗಲ ಟೊಪ್ಪಿಗೆಯ ರೂಪದರ್ಶಿ, ಬಿಳಿ ಈಜುಡುಗೆ, ತುಂಬು ನಗು. ವರ್ಷಗಳಿಂದ ನೋಡುತ್ತ ಬಂದಿದ್ದೇನೆ.

ಹನುಮವ್ವನ ಕಣ್ಣು ನೇರ ಚಿತ್ರದವಳ ಪಾದಕ್ಕೆ ಹೋಯಿತು.

“ಮಾರಿ ನಗಾಕತ್ತದ, ಕಾಲಬಟ್ಟು ನೋಡ್ರಿ ಸಾಹೇಬ್ರ, ಹೆಂಗ ಮಡಚ್ಯಾಳ. ಕಲ್ಲು ಸುಡಾಕತ್ತದ.”

ಹಿಗ್ಗಿಸಿ ನೋಡಿದೆ. ಕಾಲಿನ ಹತ್ತೂ ಬೆರಳು ಮಡಚಿಕೊಂಡಿದ್ದವು.

“ಪಾಪ, ಈಕಿ ಚಪ್ಪಲಿ ಯಾರು ಬಿಡಿಸಿದ್ರೋ!”

ಚಿತ್ರಕ್ಕೆ ಒಪ್ಪುವುದಿಲ್ಲವೆಂದು ನಾನೇ ಬಿಡಿಸಿದ್ದ ಹನುಮವ್ವನ ಚಪ್ಪಲಿಗಳು ನನ್ನ ಕ್ಯಾಮೆರಾ ಚೀಲದ ಪಕ್ಕ, ಬೇವಿನ ನೆರಳಲ್ಲಿ ತಣ್ಣಗಿದ್ದವು.